ಏಳನೇ ಅಂಕಿಯವರು

ಮೇಡಂ ತೀರಿಕೊಂಡ ಸುದ್ದಿ ಬಂದಾಗ ನಾನು ಮಾಕಳಿಯಲ್ಲಿ ಒಂದು ಮೊಬೈಲ್ ಟವರಿನ ಬುಡದಲ್ಲಿ ನಿಂತು, ಮೇಲೆ ಹತ್ತಿದ್ದವನಿಗೆ ಆಂಟೆನಾ ಎತ್ತ ತಿರುಗಿಸಬೇಕೆಂದು ಕೂಗಿ ಹೇಳುತ್ತಿದ್ದೆ. ಆಫೀಸಿನ ಹಳಬರ ವಾಟ್ಸಾಪ್ ಗುಂಪಿನಲ್ಲಿ ಒಂದೇ ಸಾಲು ಬಂದಿತ್ತು. ಅದರ ಕೆಳಗೆ ಆಗಲೇ ಹತ್ತು ಹದಿನೈದು ಜನ ಕೈಮುಗಿದ ಚಿತ್ರ ಹಾಕಿದ್ದರು. ಓದಿದೆ, ಮತ್ತೆ ಓದಿದೆ. ಮೇಲಿದ್ದವನು "ಸಾರ್, ಎಡಕ್ಕಾ ಬಲಕ್ಕಾ?" ಎಂದು ಕೇಳುತ್ತಲೇ ಇದ್ದ, ನನಗೆ ಎಡ ಯಾವುದು ಬಲ ಯಾವುದು ಎಂಬುದೇ ಮರೆತುಹೋಗಿತ್ತು. ಹಿಂದಿನ ಭಾನುವಾರವಷ್ಟೇ ಜಾಲಹಳ್ಳಿಯ ತರಕಾರಿ ಅಂಗಡಿ ಮುಂದೆ ಸಿಕ್ಕಿ, ನನ್ನ ಹೊಟ್ಟೆ ಕಡೆ ಬೆರಳು ತೋರಿಸಿ, "ಏನಪ್ಪಾ ಮಂಜು, ಇದಕ್ಕೇ ಬೇರೆ ಟವರ್ ಹಾಕಿಸ್ಬೇಕಾ?" ಎಂದು ನಕ್ಕಿದ್ದರು. ರಾತ್ರಿ ಊಟ ಮಾಡಿ ಮಲಗಿದವರು ಬೆಳಿಗ್ಗೆ ಏಳಲಿಲ್ಲವಂತೆ.

ನನಗೆ ಬಡಿದ ಆಘಾತ ಒಂದಲ್ಲ, ಎರಡು. ಅವರು ಹೋದದ್ದು ಒಂದು. ನಮ್ಮ ಮನೆಯಲ್ಲಿ ಬಾಡಿಗೆಗಿರುವ ಶಾಂತಮ್ಮನಿಗೆ ಒಂದು ನಿಜ ಹೇಳುವುದು ಬಾಕಿಯಿತ್ತು. ಮೇಡಂ ಇರುವಾಗಲೇ ಹೇಳಬೇಕಾಗಿದ್ದ ಆ ಮಾತನ್ನು ಇವತ್ತು ನಾಳೆ ಎಂದು ಮೂರು ವರ್ಷ ತಳ್ಳಿಕೊಂಡು ಬಂದಿದ್ದೆ ಎಂಬುದು ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ಜೋರಾಗಿ ಬಡಿಯಿತು ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆಯೇ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬೋರ್ಡಿನ ಮೇಲೆ, ಸರ್ಟಿಫಿಕೇಟಿನ ಮೇಲೆ ಎಲ್ಲಿ ತಮ್ಮ ಹೆಸರು ಕಂಡರೂ "ಇದೆಲ್ಲ ಯಾಕ್ರೀ" ಎಂದು ಮುಖ ತಿರುಗಿಸುವವರು ಅವರು. ಆಫೀಸಿನಲ್ಲಿ ಬೇರೆ ಹೆಂಗಸರೂ ಇದ್ದರು. ಆದರೆ ಬರೀ 'ಮೇಡಂ' ಎಂದರೆ ಇವರೊಬ್ಬರೇ.

ಕುಳ್ಳಗೆ, ದಪ್ಪ ಗಾಜಿನ ಕನ್ನಡಕ, ಹತ್ತಿ ಸೀರೆ, ಹಣೆಯಲ್ಲಿ ಇದೆಯೋ ಇಲ್ಲವೋ ಎಂಬಷ್ಟು ತೆಳ್ಳಗೆ ವಿಭೂತಿ. ದಾವಣಗೆರೆ ಕಡೆಯವರು. ತಂದೆಗೆ ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸವಾದ್ದರಿಂದ ಇಲ್ಲಿಯ ಕ್ವಾರ್ಟರ್ಸಿನಲ್ಲಿ ಬೆಳೆದವರು. ತಾರಸಿಯ ಟವರು ನೋಡಲು ಏಣಿ ಹತ್ತಬೇಕಾದಾಗ ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಕೆಳಗೇ ಬಿಟ್ಟು, ನಮಗಿಂತ ಮೊದಲು ಮೇಲಿರುತ್ತಿದ್ದರು. ನಾವು ಏದುಸಿರು ಬಿಡುತ್ತಾ ತಲುಪುವಷ್ಟರಲ್ಲಿ ಅವರು ಆ ಮನೆಯ ಯಜಮಾನಿಯಿಂದ ಹಪ್ಪಳದ ಹಿಟ್ಟಿನ ಹದ ಕೇಳಿ ಮುಗಿಸಿರುತ್ತಿದ್ದರು.

ಪೀಣ್ಯದಲ್ಲಿದ್ದ ನಮ್ಮ ಆಫೀಸಿನ ಕೆಲಸ, ಒಂದು ಮೊಬೈಲ್ ಕಂಪನಿಯ ಪರವಾಗಿ ಆ ಭಾಗದ ಟವರುಗಳನ್ನು ನೋಡಿಕೊಳ್ಳುವುದು. ಯಾವ ಟವರಿಗೆ ಯಾವ ಚಾನೆಲ್, ಅಂದರೆ ಅಲೆಯ ಯಾವ ಪಾಲು, ಕೊಡಬೇಕು, ಒಂದರ ಮಾತು ಇನ್ನೊಂದರ ಮೇಲೆ ಬೀಳದ ಹಾಗೆ ಹೇಗೆ ಹಂಚಬೇಕು, ಇದೇ ದಿನವಿಡೀ. ಗಾಳಿಯಲ್ಲಿ ಓಡಾಡುವ ಅಲೆಗಳಿಗೂ ಜಾಗದ ಅಭಾವವಿದೆ, ಸರ್ಕಾರ ಹರಾಜಿನಲ್ಲಿ ಅಳೆದು ಕೊಟ್ಟಷ್ಟರಲ್ಲೇ ಲಕ್ಷಾಂತರ ಜನ ಮಾತಾಡಬೇಕು ಎಂಬುದನ್ನು ನನ್ನ ತಲೆಗೆ ತುಂಬಿದವರು ಅವರೇ. ನಾನು ಸೇರಿದ ಮೊದಲ ವಾರ ದೊಡ್ಡ ದೊಡ್ಡ ಇಂಗ್ಲಿಷ್ ಪದ ಉದುರಿಸಿ ಏನೋ ವಿವರಿಸುತ್ತಿದ್ದೆ. ಪೂರ್ತಿ ಕೇಳಿಸಿಕೊಂಡು ಹೇಳಿದರು:

"ನೋಡಪ್ಪಾ, ಎಂಟು ಜನರ ಮನೆ, ಒಂದೇ ಬಚ್ಚಲು. ಯಾರು ಯಾವಾಗ ಹೋಗ್ಬೇಕು, ಎಷ್ಟೊತ್ತು ಇರ್ಬೇಕು ಅನ್ನೋದೇ ನಮ್ಮ ಇಂಜಿನಿಯರಿಂಗು. ಉಳಿದದ್ದೆಲ್ಲ ಬರೀ ಹೆಸ್ರು."

ಅವರು ಮೊಬೈಲಿನಲ್ಲಿ ಮಾತಾಡುವ ರೀತಿಯೂ ಹಾಗೆಯೇ. "ಹೇಳು. ಆಯ್ತು. ಇಡ್ತೀನಿ." ಅಷ್ಟೇ. ನಾವು ಯಾರಾದರೂ ಎಳೆದು ಎಳೆದು ಮಾತಾಡುತ್ತಿದ್ದರೆ ಹಿಂದೆ ಬಂದು ನಿಂತು, "ವಿಷಯ ಮುಗೀತಲ್ಲ, ಬಿಡ್ರೋ, ಇನ್ನೊಬ್ರು ಕಾಯ್ತಿರ್ತಾರೆ" ಎನ್ನುತ್ತಿದ್ದರು. ಅದೇ ದಾವಣಗೆರೆಯ ತಂಗಿಯ ಜೊತೆ ಆಫೀಸಿನ ಹಳೇ ಲ್ಯಾಂಡ್‌ಲೈನಿನಲ್ಲಿ ಕೂತರೆಂದರೆ ಸೀರಿಯಲ್ಲಿನ ಅತ್ತೆಯಿಂದ ಹಿಡಿದು ಓಣಿಯ ಮದುವೆಗಳವರೆಗೆ ಮುಕ್ಕಾಲು ಗಂಟೆ. ನಾನು ಗಡಿಯಾರ ನೋಡಿದರೆ, ರಿಸೀವರ್ ಮುಚ್ಚಿಕೊಂಡು, "ಇದು ತಂತಿ ಫೋನಪ್ಪಾ, ಇದಕ್ಕೆ ಗಾಳಿ ಖರ್ಚಾಗಲ್ಲ" ಎಂದು ಗದರುತ್ತಿದ್ದರು.

ಒಮ್ಮೆ ನಮ್ಮ ಮೇಲಧಿಕಾರಿಯೊಬ್ಬರು ಬಂದು, ತಾವಿರುವ ಅಪಾರ್ಟ್‌ಮೆಂಟಿನ ಕಡೆ ಸ್ವಲ್ಪ ಜಾಸ್ತಿ ಚಾನೆಲ್ ಕೊಡಿ ಎಂದು ನಯವಾಗಿ ಕೇಳಿದರು. ಮೇಡಂ ಪೆನ್ನು ಹಾಳೆ ತೆಗೆದುಕೊಂಡು, "ಕೊಡ್ತೀನಿ ಸಾರ್. ಯಾರ ಹತ್ರ ಕಿತ್ಕೊಳ್ಳಲಿ, ಅವ್ರ ಹೆಸ್ರು ಬರೆಸಿ" ಎಂದರು. ಅವರು ನಕ್ಕರು. ಇವರು ನಗಲಿಲ್ಲ, ಪೆನ್ನು ಹಿಡಿದೇ ಕಾದರು. ಆ ಅಧಿಕಾರಿ ಕಾಫಿ ಕುಡಿಯದೆ ಹೋದರು. ನನ್ನ ಪಾಲಿಗೆ ಬಂದ ಅವರ ಕಾಫಿಯನ್ನೂ ಕುಡಿದೆ.

ಕಂಪ್ಯೂಟರಿನಲ್ಲಿ ಕಾಣುವ ಗ್ರಾಫುಗಳ ಮೇಲೆ ಅವರಿಗೆ ನಂಬಿಕೆ ಕಡಿಮೆ. ವಾರಕ್ಕೆರಡು ಸಲವಾದರೂ ಶಿಫ್ಟ್ ಬಿಡುವ ಹೊತ್ತಿಗೆ ಯಾವುದಾದರೂ ಬಸ್ ನಿಲ್ದಾಣಕ್ಕೆ ಹೋಗಿ ಕಾರ್ಖಾನೆಯವರ ನಡುವೆ ಕೂರುತ್ತಿದ್ದರು. ಪಕ್ಕದವರನ್ನು "ಫೋನ್ ಸಲೀಸಾಗಿ ಹತ್ತುತ್ತೇನ್ರೀ?" ಎಂದು ಕೇಳುವರು. ಕೆಲವರು ಇವರೇನೋ ಸಿಮ್ ಮಾರಲು ಬಂದವರೆಂದು ಜಾಗ ಬದಲಿಸುತ್ತಿದ್ದರು. ಇವರೂ ಬಿಡದೆ ಆ ಜಾಗಕ್ಕೇ ಹೋಗಿ ಕೂರುತ್ತಿದ್ದರು.

ಮೂರು ವರ್ಷದ ಹಿಂದೆ ಮೊಬೈಲ್ ಕಂಪನಿಯವರು ಕೀಪ್ಯಾಡ್ ಫೋನುಗಳಿಗೆಂದಿದ್ದ ಅಲೆಯ ಜಾಗದಲ್ಲಿ ದೊಡ್ಡದೊಂದು ತುಂಡು ಕತ್ತರಿಸಿ ವಿಡಿಯೊ ನೋಡುವ ಸ್ಮಾರ್ಟ್‌ಫೋನುಗಳಿಗೆ ಕೊಟ್ಟುಬಿಟ್ಟರು. ಎಲ್ಲಕ್ಕಿಂತ ಹೆಚ್ಚು ಪೆಟ್ಟು ಬಿದ್ದದ್ದು ಟಿ. ದಾಸರಹಳ್ಳಿಯ ಒಂದು ತಾರಸಿ ಟವರಿಗೆ. ಅಲ್ಲಿ ಮನೆಮನೆಯಲ್ಲೂ ಪೀಣ್ಯದ ಕೆಲಸಗಾರರು, ಬಹಳ ಜನರ ಕೈಯಲ್ಲಿ ಕೀಪ್ಯಾಡ್ ಫೋನು. ಸಂಜೆ ಎಲ್ಲರೂ ಒಟ್ಟಿಗೆ ಮುಗಿಬಿದ್ದರೆ ಯಾರದೂ ಹತ್ತುತ್ತಿರಲಿಲ್ಲ.

ಅದಕ್ಕೆ ನಾವು ಸರದಿ ಇಟ್ಟೆವು. ಪ್ರತಿ ಸಿಮ್ಮಿನೊಳಗೂ ಸೊನ್ನೆಯಿಂದ ಒಂಬತ್ತರವರೆಗಿನ ಒಂದು ಅಂಕಿ ಇರುತ್ತದೆ. ಫೋನ್ ನಂಬರಿಗೂ ಅದಕ್ಕೂ ಸಂಬಂಧವಿಲ್ಲ, ಸಿಮ್ ಇಟ್ಟುಕೊಂಡವರಿಗೂ ಅದು ಗೊತ್ತಿರುವುದಿಲ್ಲ. ಜನ ಜಾಸ್ತಿಯಾದಾಗ ಟವರು, ಮೂರನೇ ಅಂಕಿಯವರು ಈಗ ಸುಮ್ಮನಿರಿ ಎಂದು ಸಾರಬಹುದು. ಆ ಫೋನುಗಳಿಂದ ಕರೆ ಹೋಗುವುದಿಲ್ಲ, ಅವುಗಳಿಗೆ ಕರೆ ಬರುವುದೂ ಇಲ್ಲ. ಐದು ನಿಮಿಷವಾದ ಮೇಲೆ ನಾಲ್ಕರವರ ಸರದಿ, ಆಮೇಲೆ ಐದರವರದು. ಆಂಬ್ಯುಲೆನ್ಸಿನಂಥ ತುರ್ತು ಕರೆಗೆ ಮಾತ್ರ ಯಾವ ತಡೆಯೂ ಇಲ್ಲ. ಹತ್ತು ಜನರಲ್ಲಿ ಒಬ್ಬರು ಐದು ನಿಮಿಷ ಕಾದರೆ ಉಳಿದ ಒಂಬತ್ತು ಜನರ ಮಾತು ಮುಗಿಯುತ್ತದೆ. ಇದನ್ನು ಮೇಡಂ ಒಪ್ಪಿಕೊಂಡದ್ದು ಎಲ್ಲರಿಗೂ ಸರದಿ ಬರುತ್ತದೆ ಎಂಬ ಒಂದೇ ಕಾರಣಕ್ಕೆ.

ಸರದಿ ತಿರುಗಿಸುವ ಪುಟ್ಟ ಪ್ರೋಗ್ರಾಂ ಬರೆದವನು ನಾನು. ಒಂದು ಶನಿವಾರ ಮಧ್ಯಾಹ್ನ ಅದನ್ನು ಪರೀಕ್ಷಿಸಲು ಏಳರ ಮೇಲೆ ನಿಲ್ಲಿಸಿದೆ. ಅವತ್ತು ಚಿಕ್ಕಪ್ಪನ ಮಗನ ಗೃಹಪ್ರವೇಶ. ಎಲ್ಲಿದ್ದೀಯೋ ಎಂದು ಅಮ್ಮ ಮೂರು ಸಲ ಫೋನ್ ಮಾಡಿದ್ದಳು. ಮತ್ತೆ ಚಾಲೂ ಮಾಡುವ ಬಟನ್ ಒತ್ತದೆ ಬ್ಯಾಗು ಎತ್ತಿಕೊಂಡು ಓಡಿದೆ. ಸೋಮವಾರ ಬರುವಷ್ಟರಲ್ಲಿ ಅದು ತಲೆಯಿಂದ ಹಾರಿಯೇ ಹೋಗಿತ್ತು. ಹೀಗೆ ಏಳನೇ ಅಂಕಿಯವರು ಹಗಲೂ ರಾತ್ರಿ ಹೊರಗೇ ಉಳಿದರು.

ಆದರೂ ಆ ಸೋಮವಾರ ನಮ್ಮ ಗ್ರಾಫು ಎಂದೂ ಇಲ್ಲದಷ್ಟು ಹಸಿರಾಗಿತ್ತು. ತಡೆದಿಟ್ಟ ಫೋನು ಪ್ರಯತ್ನವನ್ನೇ ಮಾಡುವುದಿಲ್ಲ. ಪ್ರಯತ್ನವೇ ಇಲ್ಲದ ಮೇಲೆ ಅದು ಸೋತ ಕರೆ ಎಂದು ಎಲ್ಲಿಯೂ ದಾಖಲಾಗುವುದಿಲ್ಲ. ಜನ ಕಡಿಮೆಯಾದ್ದರಿಂದ ಉಳಿದವರ ಮಾತು ಸಲೀಸಾಯಿತು. ವೈಟ್‌ಫೀಲ್ಡಿನ ಮುಖ್ಯ ಕಚೇರಿಯಿಂದ ಮೆಚ್ಚುಗೆಯ ಮೇಲ್ ಬಂತು. ಆ ಸಲದ ಬಹುಮಾನ ಮೇಡಂ ತಂಡಕ್ಕೆ ಎಂದು ತಿಳಿಸಿದರು. ನಾನು ಸ್ವೀಟ್ ಹಂಚಿದೆ. ಮೇಡಂಗೆ ಆ ದಿನಗಳಲ್ಲಿ ಮಂಡಿನೋವು, ಬಸ್ ನಿಲ್ದಾಣಕ್ಕೆ ಹೋಗುವುದು ನಿಂತಿತ್ತು.

ನಮ್ಮ ಮನೆ ಇರುವುದು ಅದೇ ದಾಸರಹಳ್ಳಿಯಲ್ಲಿ. ತಾತನ ರಾಗಿ ಹೊಲವಿದ್ದ ಕಡೆ ಈಗ ಸಾಲಾಗಿ ಬಾಡಿಗೆ ಮನೆಗಳಿವೆ. ಕೊನೆಯ ಮನೆಯ ಶಾಂತಮ್ಮ ಮಧುಗಿರಿ ಕಡೆಯ ಹೆಂಗಸು, ಪೀಣ್ಯದಲ್ಲಿ ರಬ್ಬರ್ ವಾಷರ್ ಮಾಡುವ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಅದೂ ಬದಲಿ ಕೆಲಸ. ದಿನಾ ಬೆಳಿಗ್ಗೆ ಸೂಪರ್‌ವೈಸರ್ ರಮೇಶ ಫೋನ್ ಮಾಡಿ ಇವತ್ತು ಬಾ ಎಂದರೆ ಮಾತ್ರ ಹೋಗಬೇಕು. ಫೋನ್ ಬರದವರನ್ನು ಗೇಟಿನೊಳಗೆ ಬಿಡುವುದಿಲ್ಲ. ನಾಲ್ಕು ವರ್ಷ ಹೀಗೆ ದುಡಿದ ಮೇಲೆ, ಮುಂದಿನ ತಿಂಗಳು ರೋಲ್ ಮೇಲೆ ಕಾಯಂ ತಗೋತೀವಿ, ಪಿ.ಎಫ್., ಇ.ಎಸ್.ಐ. ಎಲ್ಲ ಬರುತ್ತದೆ ಎಂದು ಅವಳಿಗೆ ಮಾತು ಕೊಟ್ಟಿದ್ದರು.

"ಲೇ ಮಂಜ, ಶಾಂತಮ್ಮಂಗೆ ನಾಕು ದಿನದಿಂದ ಫೋನೇ ಬರ್ತಿಲ್ವಂತೆ ಕಣೋ," ಎಂದು ಅಮ್ಮ ಒಂದು ದಿನ ಹೇಳಿದಳು. "ಸಿಗ್ನಲ್ ಕಡ್ಡಿ ಎಲ್ಲಾ ಫುಲ್ ತೋರಿಸ್ತದಂತೆ. ನೀನು ಅದೇ ಕೆಲ್ಸ ತಾನೆ, ಒಸಿ ನೋಡಬಾರ್ದಾ?"

ನಾನು ಟೀವಿಯಿಂದ ಕಣ್ಣು ಕೀಳದೆ, "ಸೆಟ್ ಹಳೇದಾಗಿರುತ್ತೆ ಬಿಡಮ್ಮ, ಬೇರೆ ತಗೊಳ್ಳೋಕೆ ಹೇಳು" ಎಂದೆ. ಪಾಪ, ತಗೊಂಡಳು. ಹಳೇ ಸಿಮ್ಮನ್ನು ಹೊಸ ಸೆಟ್ಟಿಗೆ ಹಾಕಿಕೊಟ್ಟವನೂ ನಾನೇ. "ನೋಡಿ, ಎಂಗೆ ಫುಲ್ ಇದೆ" ಎಂದು ಅವಳದೇ ಧಾಟಿಯಲ್ಲಿ ತಮಾಷೆ ಬೇರೆ ಮಾಡಿದೆ.

ಫೋನ್ ಬರಲೇ ಇಲ್ಲ. ಅದರ ಹಿಂದಿನ ವಾರ ಶಾಂತಮ್ಮ, ಕೈ ಸುಲಿಯುತ್ತದೆ, ಗ್ಲೌಸ್ ಕೊಡಿಸಿ ಎಂದು ರಮೇಶನನ್ನು ಗಟ್ಟಿಯಾಗಿ ಕೇಳಿದ್ದಳಂತೆ. ಆ ಸಿಟ್ಟಿಗೆ ತನ್ನನ್ನು ಬಿಟ್ಟಿದ್ದಾನೆ ಎಂದು ತೀರ್ಮಾನಿಸಿಕೊಂಡಳು. ಒಂಬತ್ತನೇ ದಿನ ಗೇಟಿಗೆ ಹೋಗಿ ಎಲ್ಲರ ಮುಂದೆ ಅವನ ಜನ್ಮ ಜಾಲಾಡಿದಳು. ಅವನು, "ದಿನಾ ಮಾಡಿದೀನಿ ಕಣಮ್ಮ, ಸಿಗ್ತಾನೇ ಇಲ್ಲ ಅಂತದೆ" ಎಂದನಂತೆ. ಸುಳ್ಳುಬುರುಕ ಎಂದು ಇವಳು ಇನ್ನಷ್ಟು ಬೈದಳು. ಇನ್ನು ಈ ಕಡೆ ತಲೆ ಹಾಕಬೇಡ ಎಂದು ಅವನು ಕೈ ತೋರಿಸಿದ.

ಎರಡು ದಿನ ಬಿಟ್ಟು, ಆಫೀಸಿನ ಕೆಳಗೆ ಟೀ ಕುಡಿಯುವಾಗ ಇದನ್ನು ನಾನು ಮೇಡಂಗೆ ಹೇಳಿದೆ. ಹೇಳಿದ್ದು ತಮಾಷೆಗೆ.

"ಹೊಸಾ ಫೋನ್ ತಗೊಂಡ್ರೂ ಹಳೇ ಗ್ರಹಚಾರ ಮೇಡಂ. ಮನೇಲಿ ಕಡ್ಡಿ ಫುಲ್ಲು, ಫೋನ್ ಮಾತ್ರ ಸತ್ತಂಗೆ. ಮೆಟ್ರೋ ಮೆಟ್ಲು ಹತ್ರ ಹೋದ್ರೆ ಸರಿಹೋಗುತ್ತಂತೆ!"

ಅವರು ಟೀ ಲೋಟ ಕೆಳಗಿಟ್ಟರು. "ಸಿಮ್ ಅದೇನಾ?"

"ಹೂಂ ಮೇಡಂ, ಅದೇ."

"ಪಕ್ಕದ ಮನೆಯವ್ರದು?"

"ಅವ್ರದೂ ಅದೇ ಕಂಪನಿ. ಚೆನ್ನಾಗೇ ಬರುತ್ತೆ."

"ಮೆಟ್ರೋ ಹತ್ರ ಬೇರೆ ಟವರು," ಎಂದರು. ಮಂಡಿನೋವಿನ ಹೆಂಗಸು ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದ್ದನ್ನು ನಾನು ಕಣ್ಣಾರೆ ಕಂಡೆ. ನಾನು ಹಿಂದೆಯೇ ಓಡಿದೆ. ಸ್ಕ್ರೀನಿನ ಮೇಲೆ ಸರದಿ ಏಳರಲ್ಲಿ ನಿಂತಿತ್ತು. ನಿಂತು ಹನ್ನೊಂದು ದಿನವಾಗಿತ್ತು. ನಾನು ಕುರ್ಚಿಯ ಬೆನ್ನು ಹಿಡಿದುಕೊಂಡೆ. ಅವರು ಬಟನ್ ಒತ್ತಿದರು, ಏಳು ಹೋಗಿ ಎಂಟು ಬಂತು.

"ಅಷ್ಟೊಂದು ಜನ," ಎಂದರು. "ಒಬ್ರೂ ಕಂಪ್ಲೇಂಟ್ ಮಾಡ್ಲಿಲ್ವಲ್ಲಪ್ಪಾ. ಎಲ್ಲಾರೂ ತಮ್ಮ ಫೋನೇ ಕೆಟ್ಟಿದೆ ಅನ್ಕೊಂಡ್ರು. ಮಾಡೋಣ ಅಂದ್ರೂ ಅದಕ್ಕೂ ಅದೇ ಫೋನ್ ಬೇಕಲ್ಲ."

ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದರು: "ಯಾರು ನಿಲ್ಲಿಸಿದ್ದು ಅಂತ ಕಂಪ್ಯೂಟರ್ ಲಾಗಲ್ಲಿದೆ, ನೋಡಿದೆ. ಆದ್ರೆ ಹನ್ನೊಂದು ದಿನ ಬಸ್ ಸ್ಟಾಪಿಗೆ ಹೋಗದೆ ಆ ಹಸಿರು ನೋಡ್ಕೊಂಡು ಕೂತಿದ್ದೋಳು ನಾನು. ನಿಮ್ಮನೆಗೆ ನಡಿ."

ಅದೇ ಸಂಜೆ ನಮ್ಮ ಮನೆಗೆ ಬಂದರು. ಶಾಂತಮ್ಮ ಬಾಗಿಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಮೇಡಂ ಕೈಮುಗಿದು, "ಶಾಂತಮ್ಮೋರೆ, ನಿಮ್ಮ ಫೋನ್ ಕೆಟ್ಟಿರ್ಲಿಲ್ಲ. ಟವರಲ್ಲಿ ನಾನು ತಪ್ಪು ಮಾಡಿದ್ದೆ. ನಿಮಗೆ ಬರೋ ಫೋನನ್ನ ನಾನು ತಡೆದಿದ್ದೆ" ಎಂದರು. 'ನಾನು' ಎಂದರು, 'ನಾವು' ಎಂದೂ ಅನ್ನಲಿಲ್ಲ.

ಶಾಂತಮ್ಮ ಮೊದಲು ನನ್ನ ಮುಖ ನೋಡಿದಳು, ಆಮೇಲೆ ಅವರದು. "ಅಂಗಾದ್ರೆ ಆ ರಮೇಶ ದಿಟವಾಗ್ಲೂ ಫೋನ್ ಮಾಡ್ತಿದ್ನಾ?"

"ಮಾಡ್ತಿದ್ರು."

ಅವಳ ಕೈಯಿಂದ ಬಟ್ಟೆ ಜಾರಿ ಮಣ್ಣಿಗೆ ಬಿತ್ತು. ಆಮೇಲೆ ಶುರುವಾಯಿತು. "ನಿನ್ನ ಮನೆ ಆಳಾಗ! ನಿನ್ನ ಕೈ ಸೇದೋಗ! ನಾಕು ವರ್ಸ ಕಾದಿದ್ದೆ ಕಣಮ್ಮೀ ಆ ರೋಲಿಗೆ. ಇಲ್ಲದ್ ತಪ್ಪು ಒರಿಸಿ ಅವ್ನ ಬಾಯಿಗೆ ಬಂದಂಗೆ ಬೈದ್ಬಂದೆ. ನನ್ನ ಅನ್ನ ಕಿತ್ಕೊಂಡಂಗೆ ನಿಂದೂ ದೇವ್ರು ಕಿತ್ಕೊಳ್ಳಾ!" ಸಾಲುಮನೆಯವರೆಲ್ಲ ಹೊರಗೆ ಬಂದು ನೋಡುತ್ತಿದ್ದರು. ನಮ್ಮಮ್ಮನೂ, "ಓದಿರೋರು ಇಂಗ್ ಮಾಡಬೋದಾ" ಎಂದು ದನಿಗೂಡಿಸಿದಳು. ಮೇಡಂ ಮುಗಿದ ಕೈ ಇಳಿಸದೆ ಪೂರ್ತಿ ಕೇಳಿಸಿಕೊಂಡರು. ನಾನು ಎರಡು ಹೆಜ್ಜೆ ಆಚೆ ಸ್ಕೂಟರಿಗೆ ಒರಗಿ ನಿಂತಿದ್ದೆ. ಗರ ಬಡಿದಂತೆ ನಿಂತಿದ್ದೆ ಎಂದು ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅದು ಸುಳ್ಳು, ಬರೀ ಹೆದರಿಕೆ.

ಅವರನ್ನು ಆಟೋ ಹತ್ತಿಸುವಾಗ ಹೇಳಿದರು: "ನಾನು ಬೈಸಿಕೊಂಡಿದ್ದು ದೊಡ್ಡದಲ್ಲ. ಆದ್ರೆ ಆಯಮ್ಮಂಗೆ ನಿಜ ಗೊತ್ತಿರ್ಬೇಕಪ್ಪಾ. ನಿಂಗೆ ಬಾಯಿ ಬಂದ ದಿನ ನೀನೇ ಹೇಳು."

ಮಾರನೇ ದಿನ ಬೆಳಿಗ್ಗೆ ಶಾಂತಮ್ಮನನ್ನು ಕರೆದುಕೊಂಡು ಕಾರ್ಖಾನೆಯ ಗೇಟಿಗೆ ಹೋದರು. ರಮೇಶ ಎಲ್ಲ ಕೇಳಿ, "ನೀವು ಹೇಳೋದು ಸರಿ ಮೇಡಂ, ಆದ್ರೆ ಆ ಜಾಗಕ್ಕೆ ಬೇರೆಯವ್ರು ಬಂದಾಯ್ತು. ಗೇಟಲ್ಲಿ ನನ್ನ ಮಾನ ಕಳೆದೋಳನ್ನ ಮತ್ತೆ ಕರೆದ್ರೆ ನಾಳೆ ನನ್ನ ಮಾತು ಯಾರ್ ಕೇಳ್ತಾರೆ?" ಎಂದನಂತೆ. ಅವರು ಮೂರು ದಿನ ಹೋದರು. ಮೂರು ದಿನವೂ ಅದೇ ಉತ್ತರ.

ಬಹುಮಾನದ ದಿನ ನಾನೂ ವೈಟ್‌ಫೀಲ್ಡಿನ ಮುಖ್ಯ ಕಚೇರಿಯ ಸಭಾಂಗಣದಲ್ಲಿ ಕೂತಿದ್ದೆ. ಪರದೆಯ ಮೇಲೆ ನಮ್ಮ ಹಸಿರು ಗ್ರಾಫು. ಮೇಡಂ ಮೈಕು ಹಿಡಿದು, "ಇದು ಚೆನ್ನಾಗಿ ಕಾಣ್ತಿರೋದು ಹತ್ತರಲ್ಲಿ ಒಬ್ರನ್ನ ಹನ್ನೊಂದು ದಿನ ಆಚೆಗೆ ಹಾಕಿದ್ದಕ್ಕೆ. ಹಾಕಿದ್ದು ನನ್ನ ತಂಡ, ಜವಾಬ್ದಾರಿ ನಂದು. ಅದರಲ್ಲಿ ಒಬ್ಬ ಹೆಂಗಸಿನ ಕೆಲಸ ಹೋಗಿದೆ" ಎಂದರು. ಚಪ್ಪಾಳೆಗೆಂದು ಎತ್ತಿದ ಕೈಗಳು ಹಾಗೇ ನಿಂತವು. ಮುಂದಿನ ಸಾಲಿನಲ್ಲಿ ಯಾರೋ ಮೈಕ್ ಆಫ್ ಮಾಡಿ ಎಂದು ಸನ್ನೆ ಮಾಡಿದರು. ಆಗಲಾದರೂ ನಾನು ಏಳಬಹುದಿತ್ತು. ಏಳಲಿಲ್ಲ.

ಅವರನ್ನು ಹಳೆಯ ದಾಖಲೆಗಳ ವಿಭಾಗಕ್ಕೆ ಹಾಕಿದರು. ಅವರ ಕುರ್ಚಿ ಕೆಲವು ತಿಂಗಳಲ್ಲಿ ನನಗೇ ಬಂತು. ನಿವೃತ್ತಿಯವರೆಗೂ ಒಂದು ಸ್ಟೀಲ್ ಡಬ್ಬಿ ಹಿಡಿದು ಓಡಾಡಿದರು. ಅದರೊಳಗೆ ಹತ್ತು ಕೀಪ್ಯಾಡ್ ಫೋನು, ಒಂದೊಂದರ ಬೆನ್ನಿಗೂ ಸೊನ್ನೆಯಿಂದ ಒಂಬತ್ತರವರೆಗೆ ಅಂಟಿಸಿದ ಚೀಟಿ. ರಜೆಯ ದಿನವೂ ಯಾವುದಾದರೂ ಬಸ್ ನಿಲ್ದಾಣದಲ್ಲಿ ಕೂತು ಹತ್ತರಿಂದಲೂ ಕರೆ ಮಾಡಿ ನೋಡುವರು. ಹೊಸದಾಗಿ ಸೇರಿದವರು ಅವರಿಗೆ ತಲೆ ಸರಿಯಿಲ್ಲ ಎಂದು ನಗುತ್ತಿದ್ದರು, ನಾನು ನಗುತ್ತಿರಲಿಲ್ಲ, ತಡೆಯುತ್ತಲೂ ಇರಲಿಲ್ಲ. ನನ್ನನ್ನು ಕಂಡಾಗ ಯೋಗಕ್ಷೇಮ ಕೇಳುವರು, ಹೊಟ್ಟೆಯ ಬಗ್ಗೆ ಛೇಡಿಸುವರು. ಹೇಳಿದೆಯಾ ಎಂದು ಒಂದು ಸಲವೂ ಕೇಳಲಿಲ್ಲ.

ಮಾಕಳಿಯಿಂದ ನೇರ ಜಾಲಹಳ್ಳಿಗೆ ಹೋದೆ. ಅವರ ಪದ್ಧತಿಯಂತೆ ಕೂರಿಸಿದ್ದರು, ಈಗ ಹಣೆತುಂಬ ವಿಭೂತಿ. ಕೂತವರನ್ನು ನೋಡಿ, ಈಗ ಕತ್ತೆತ್ತಿ ಏನಾದರೂ ಕೇಳುತ್ತಾರೇನೋ ಅನ್ನಿಸಿ ನಾನು ಬೆಚ್ಚಿ ಹಿಂದೆ ಸರಿದೆ. ದಾವಣಗೆರೆಯ ತಂಗಿ ಗೋಡೆಗೊರಗಿ ಅಳುತ್ತಿದ್ದರು. ಮಧ್ಯಾಹ್ನ ಮಣ್ಣಾಯಿತು.

ಮನೆಗೆ ಬಂದಾಗ ಶಾಂತಮ್ಮ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ಈಗ ಅವಳು ಒಂದು ಅಪಾರ್ಟ್‌ಮೆಂಟಿನಲ್ಲಿ ಕಸ ಗುಡಿಸುತ್ತಾಳೆ. ಕೈಗೆ ಗ್ಲೌಸ್ ಕೊಟ್ಟಿದ್ದಾರೆ, ರೋಲ್ ಇಲ್ಲ. ನಾನು ಅವಳ ಮುಂದೆ ನಿಂತು, "ಅವತ್ತು ಇಲ್ಲಿ ಬಂದು ನಿಮ್ಮ ಹತ್ರ ಬೈಸ್ಕೊಂಡ್ರಲ್ಲ, ಆ ಮೇಡಂ ತೀರ್ಕೊಂಡ್ರು" ಎಂದೆ.

"ಅಯ್ಯೋ ಶಿವ್ನೇ," ಎಂದಳು. "ಬಾಯಿಗೆ ಬಂದಂಗೆ ಶಾಪ ಆಕ್ಬಿಟ್ಟಿದ್ದೆ ಕಣಣ್ಣ. ಎಷ್ಟೋ ದಿನ ನಿದ್ದೆ ಬರ್ನಿಲ್ಲ. ತಪ್ಪು ಆಯಮ್ಮಂದೇ ತಾನೆ ಅಂದ್ಕೊಂಡು ಸುಮ್ಕಾಗ್ತಿದ್ದೆ."

"ತಪ್ಪು ಅವ್ರದಲ್ಲ ಶಾಂತಮ್ಮ. ನಿಮ್ಮ ಫೋನ್ ನಿಲ್ಲಿಸಿದ್ದು ನಾನು. ನಾನೇ ನಿಲ್ಲಿಸಿ ಮರೆತಿದ್ದೆ. ಅವ್ರು ತಮ್ಮ ಮೇಲೆ ಹಾಕ್ಕೊಂಡ್ರು."

ಸೊಪ್ಪಿನ ಮೇಲಿದ್ದ ಅವಳ ಕೈ ನಿಂತಿತು. ಬೈಯುತ್ತಾಳೆ ಎಂದು ತಲೆ ತಗ್ಗಿಸಿ ಕಾದೆ. ಬೈದರೆ ಸಾಕು ಎಂದು ಒಳಗೊಳಗೇ ಬೇಡಿಕೊಂಡೆ. ಅವಳು ಬೈಯಲಿಲ್ಲ. ಬಿಡಿಸಿದ ಸೊಪ್ಪನ್ನು ಪಕ್ಕಕ್ಕೆ ಸರಿಸಿದಳು.

"ಮಣ್ಣು ಆಗೋಯ್ತಾ?"

"ಆಯ್ತು. ಮಧ್ಯಾಹ್ನವೇ."

"ಮೂರು ವರ್ಸದಲ್ಲಿ ಒಂದ್ ದಿನ ಏಳಿದ್ರೆ ನಿನ್ನ ಬೈತಿದ್ದೆ, ಅಷ್ಟೇಯ," ಎಂದಳು. ಅವಳು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. "ಈಗ ಆಯಮ್ಮಂಗೆ ಆಕಿದ್ ಶಾಪಾನ ನಾನು ಯಾರತ್ರ ಓಗಿ ವಾಪಸ್ ತಗೊಳ್ಳಲಿ, ಏಳು?"